ಮನೆಯೊಳಗಿನ ಗಿಡಗಳಿಗೆ ಹಗಲಿನ ಬೆಳಕು

ಮುಂಬಯಿ, ಪುಣೆ, ಚೆನ್ನೈ ಮುಂತಾದ ನಗರಗಳ ಬಹುಮಹಡಿ ಕಟ್ಟಡಗಳಲ್ಲಿ ಅಂಗಳಕ್ಕೆ ಸ್ಥಳವಿಲ್ಲ. ಅಂಗಳದ ತುಳಸಿ ಕುಂಡವನ್ನೇರಿ ಮನೆಯೊಳಗೆ ಬಂದಿದೆ. ಊರಿನಿಂದ ತಂದ ಸಸಿ ಕೆಲವೇ ವಾರಗಳಲ್ಲಿ ಸೊರಗತೊಡಗಿದರೆ ಮನೆಯವರು ಇನ್ನಷ್ಟು ನೀರೆರೆಯುತ್ತಾರೆ, ಗೊಬ್ಬರ ಹಾಕುತ್ತಾರೆ. ಅನೇಕ ವೇಳೆ ಅದಕ್ಕೆ ಕೊರತೆಯಾಗಿರುವುದು ಬೆಳಕು.

ಈ ಕೊರತೆ ಸುಲಭವಾಗಿ ಗೋಚರಿಸುವುದಿಲ್ಲ. ಮಂದ ಬೆಳಕಿಗೆ ಮನುಷ್ಯನ ಕಣ್ಣು ಬೇಗನೆ ಹೊಂದಿಕೊಳ್ಳುತ್ತದೆ. ನಡುಹಗಲಿನ ಬಯಲು ಬಿಸಿಲಿನ ಪ್ರಮಾಣ ಸುಮಾರು 1,00,000 ಲಕ್ಸ್. ಕಿಟಕಿಯಿಂದ ಎರಡು ಮೂರು ಮೀಟರ್ ಒಳಗೆ ಅದು ಕೆಲವು ನೂರು ಲಕ್ಸ್‌ಗೆ ಇಳಿದಿರಬಹುದು. ಓದಲು ಸಾಕಾಗುವ ಈ ಬೆಳಕು ತುಳಸಿಗೆ ಸಾಲದು. ದ್ಯುತಿಸಂಶ್ಲೇಷಣೆಯಿಂದ ತಯಾರಾಗುವ ಆಹಾರವು ಉಸಿರಾಟದಲ್ಲಿ ವ್ಯಯವಾಗುವುದಕ್ಕಿಂತ ಕಡಿಮೆಯಾದಾಗ ಗಿಡವು ಕೂಡಿಟ್ಟದ್ದನ್ನೇ ಕರಗಿಸಿ ಬದುಕುತ್ತದೆ. ಗಿಣ್ಣುಗಳ ನಡುವಣ ಅಂತರ ಹೆಚ್ಚುವುದು, ಹೊಸ ಎಲೆಗಳು ಕಿರಿದಾಗುವುದು, ಕಾಂಡ ಕಿಟಕಿಯತ್ತ ಬಾಗುವುದು ಇದರ ಲಕ್ಷಣಗಳು. ಇಂತಹ ಗಿಡ ಹೀರುವ ನೀರೂ ಕಡಿಮೆ. ಹೆಚ್ಚಾಗಿ ಎರೆದದ್ದು ಬೇರನ್ನು ಕೊಳೆಸುತ್ತದೆ.

ಕುಂಡವನ್ನು ನೆಲದಿಂದ ಎತ್ತಿ ಕಿಟಕಿಯ ಕಟ್ಟೆಯ ಮಟ್ಟಕ್ಕೆ ಇರಿಸುವುದು ಮೊದಲ ಉಪಾಯ. ಎಲೆಗಳಿರುವ ಎತ್ತರದಲ್ಲಿ ಕಣ್ಣಿಟ್ಟು ಹೊರಗೆ ನೋಡಬೇಕು. ಆಕಾಶ ಕಾಣದಿದ್ದರೆ ಆ ಸ್ಥಳ ಗಿಡಕ್ಕೆ ಕತ್ತಲೆಯೇ ಸರಿ. ಕಿಟಕಿಯ ಗಾಜು, ಸೊಳ್ಳೆಪರದೆ ಹಾಗೂ ಎಲೆಗಳ ಮೇಲಿನ ಧೂಳನ್ನು ಒರೆಸುವುದೂ ಅಗತ್ಯ. ಎದುರಿನ ಗೋಡೆಗೆ ಬಿಳಿಯ ಸುಣ್ಣ ಬಳಿದರೆ ಬೆಳಕು ಕೋಣೆಯಲ್ಲೆಲ್ಲ ಹರಡುತ್ತದೆ. ಕನ್ನಡಿ ಇಡುವ ರೂಢಿಯೂ ಇದೆ. ಆದರೆ ಅದು ಬೆಳಕನ್ನು ಒಂದೇ ಕಡೆಗೆ ತಿರುಗಿಸುವುದರಿಂದ ಸುಣ್ಣದ ಗೋಡೆಯೇ ಮೇಲು.

ಪೂರ್ವದ ಕಿಟಕಿಯ ಎಳೆಬಿಸಿಲು ಬಹುತೇಕ ಗಿಡಗಳಿಗೆ ಹಿತಕರ. ದಕ್ಷಿಣದ ಕಿಟಕಿಯ ವಿಷಯದಲ್ಲಿ ಮಾತ್ರ ಋತುವನ್ನು ಗಮನಿಸಬೇಕು. ಡಿಸೆಂಬರಿನಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ಬಿಸಿಲು ಕೋಣೆಯೊಳಗೆ ದೂರದವರೆಗೆ ಬರುತ್ತದೆ. ಜೂನ್ ತಿಂಗಳಲ್ಲಿ ಮುಂಬಯಿ, ಹೈದರಾಬಾದ್, ಚೆನ್ನೈಗಳಲ್ಲಿ ಸೂರ್ಯನು ದಿನವಿಡೀ ಉತ್ತರದ ಪಾರ್ಶ್ವದಲ್ಲೇ ಚಲಿಸುವುದರಿಂದ ಅದೇ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ. ದೆಹಲಿ ಇನ್ನೂ ಉತ್ತರದಲ್ಲಿದೆ. ಅಲ್ಲಿ ಜೂನ್ ಮಧ್ಯಾಹ್ನವೂ ಸೂರ್ಯನು ನೆತ್ತಿಯಿಂದ ತುಸು ದಕ್ಷಿಣಕ್ಕೇ ಇರುತ್ತಾನೆ. ಹೀಗಾಗಿ ಚಳಿಗಾಲದಲ್ಲಿ ನಳನಳಿಸಿದ ಗಿಡ ಮಳೆಗಾಲದಲ್ಲಿ ಸೊರಗಿದರೆ ಆಶ್ಚರ್ಯವಿಲ್ಲ; ಮೋಡವೂ ಜೊತೆಗೂಡಿರುತ್ತದೆ.

ನೆರಳಿನ ಗಿಡವನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ದಿನಕ್ಕೊಂದಿಷ್ಟು ಹೊತ್ತು ಹೆಚ್ಚಿಸುತ್ತ ಎರಡು ವಾರಗಳಲ್ಲಿ ಅದನ್ನು ಒಗ್ಗಿಸಬೇಕು. ವಾರಕ್ಕೊಮ್ಮೆ ಕುಂಡವನ್ನು ಕಾಲುಸುತ್ತು ತಿರುಗಿಸಿದರೆ ಗಿಡ ನೆಟ್ಟಗೆ ಬೆಳೆಯುತ್ತದೆ.

ನೇರ ಬಿಸಿಲೇ ಬೀಳದ ಮನೆಯಲ್ಲಿ ತುಳಸಿಯನ್ನು ಈ ಉಪಾಯಗಳಿಂದ ಬಹುಕಾಲ ಉಳಿಸಿಕೊಳ್ಳಲಾಗದು. ಅಂಥವರು ಎರಡು ಕುಂಡಗಳಲ್ಲಿ ತುಳಸಿ ಬೆಳೆಸಿ, ಒಂದನ್ನು ಕಟ್ಟಡದ ತಾರಸಿಯ ಬಿಸಿಲಿನಲ್ಲಿಟ್ಟು, ಕೆಲವು ದಿನಗಳಿಗೊಮ್ಮೆ ಅದಲುಬದಲು ಮಾಡಬಹುದು. ಮನೆಯ ಒಳಭಾಗಕ್ಕೆ ಮನಿಪ್ಲಾಂಟ್ ಸಾಕು. ಕಿಟಕಿಯ ಹೊರಜಾಲರಿಯಲ್ಲಿ ಕುಂಡವಿಡುವವರು ಅದನ್ನು ತಂತಿಯಿಂದ ಬಿಗಿಯಾಗಿ ಕಟ್ಟತಕ್ಕದ್ದು. ಕೆಳಗೆ ಜನರು ನಡೆದಾಡುತ್ತಿರುತ್ತಾರೆ.