ದಂಡಿಗೆ ದೂರವಿದ್ದವರ ಪತ್ರಿಕೆ

ಬೆಂಗಳೂರಿನ ವಿಜಯನಗರದ ನಮ್ಮ ಮನೆಯಲ್ಲಿ ಯಾರಾದರೂ ಎಂ.ಜಿ. ರಸ್ತೆಗೆ ಹೊರಟರೆ ‘ದಂಡಿನ ಕಡೆ ಹೋಗ್ತಿದೀಯಾ?’ ಎಂದೇ ಕೇಳುತ್ತಿದ್ದರು; ದಂಡು ಎಂದರೆ ಕಂಟೋನ್ಮೆಂಟ್. ಮೆಜೆಸ್ಟಿಕ್‌ವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಇಂಗ್ಲಿಷ್ ಕ್ಯಾಸೆಟ್ಟು, ಎಲೆಕ್ಟ್ರಿಕ್ ಗಿಟಾರಿನ ತಂತಿ, ಯಾವ ಬ್ಯಾಂಡು ಎಲ್ಲಿ ನುಡಿಸುತ್ತಿದೆ ಎಂಬ ಸುದ್ದಿ, ಎಲ್ಲವೂ ಆ ಕಡೆಯದು. ನಮ್ಮ ಕಡೆ ಸಂಗೀತಕ್ಕೆ ಬರ ಇತ್ತೆಂದಲ್ಲ. ರಾಮನವಮಿಗೆ ಪೆಂಡಾಲಿನ ಕಛೇರಿ, ಗಣೇಶನ ಹಬ್ಬಕ್ಕೆ ಬೀದಿಗೊಂದು ಆರ್ಕೆಸ್ಟ್ರಾ, ನವೆಂಬರ್ ಪೂರ್ತಿ ರಾಜ್ಯೋತ್ಸವದ ಮೈಕು, ರಾಜಾಜಿನಗರದ ನವರಂಗ್‌ನಲ್ಲಿ ಹೊಸ ಚಿತ್ರದ ಹಾಡು. ಆದರೆ ರಾಕ್ ಹುಚ್ಚು ಹಿಡಿದ ಹುಡುಗನಿಗೆ, ತನ್ನಂಥವನೇ ಇನ್ನೊಬ್ಬ ಬಸವೇಶ್ವರನಗರದಲ್ಲೋ ಕೆಂಗೇರಿಯಲ್ಲೋ ಇದ್ದಾನೆಯೇ ಎಂದು ತಿಳಿಯುವ ದಾರಿ ಮಾತ್ರ ಇರಲಿಲ್ಲ.

ತೊಂಬತ್ತರ ದಶಕದ ನಡುವೆ ಹಾಸ್ಟೆಲಿನ ಗೆಳೆಯನೊಬ್ಬ ಒಂದು ಪತ್ರಿಕೆ ತಂದುಕೊಟ್ಟ. ಎಷ್ಟು ಕೈ ದಾಟಿತ್ತೋ, ನಡುವಿನ ಪಿನ್ನು ಕಿತ್ತು ಪುಟಗಳು ಬೇರೆಬೇರೆಯಾಗಿದ್ದವು. ಹೆಸರು ‘ರಾಕ್ ಸ್ಟ್ರೀಟ್ ಜರ್ನಲ್’. ಒಳಗೆ ನಮ್ಮ ದೇಶದ್ದೇ ಬ್ಯಾಂಡುಗಳು. ಆಶ್ಚರ್ಯಪಟ್ಟದ್ದು ಅದಕ್ಕಲ್ಲ, ವಿಳಾಸ ನೋಡಿ. ಮುಂಬೈ ಅಲ್ಲ, ದೆಹಲಿ ಅಲ್ಲ. ಅಲಹಾಬಾದ್.

ಪುಣ್ಯಸ್ನಾನದ ಊರಿನಿಂದ ರಾಕ್ ಪತ್ರಿಕೆ ಏಕೆ ಬಂತು ಎಂಬುದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಇಂಥ ಬೇರೆ ಪತ್ರಿಕೆಗಳ ಚರಿತ್ರೆ ಓದುತ್ತ ಹೋದಂತೆ ಒಂದು ಸಂಗತಿ ಗಟ್ಟಿಯಾಯಿತು. ಸಂಗೀತ ನಡೆಯುವ ಜಾಗದಲ್ಲೇ ಇರುವವನಿಗೆ ಪತ್ರಿಕೆ ಅಷ್ಟಾಗಿ ಬೇಕಾಗುವುದಿಲ್ಲ. ಸಂಜೆ ಹೊರಗೆ ಬಂದರೆ ಅವನಿಗೆ ಎಲ್ಲವೂ ತಿಳಿಯುತ್ತದೆ. ದೂರ ಇರುವವನು ಬರೆಯಲೇಬೇಕು.

ಅಮಿತ್ ಸೈಗಲ್ ಮತ್ತು ಶೀನಾ ಗಾಮಟ್ 1993ರಲ್ಲಿ ಅಲಹಾಬಾದಿನಲ್ಲಿ ಈ ಪತ್ರಿಕೆ ಶುರುಮಾಡಿದರು. ಆ ವರ್ಷವನ್ನು ಸ್ವಲ್ಪ ನೆನೆಯಿರಿ. ಸ್ಟಾರ್ ಟಿವಿಯ ಜೊತೆ ಎಂಟಿವಿ ಕೇಬಲ್ಲಿನಲ್ಲಿ ಮನೆಯೊಳಗೆ ಬಂದು ಒಂದೆರಡು ವರ್ಷವಷ್ಟೇ. ಅಮೆರಿಕದ ಬ್ಯಾಂಡಿನ ಗಾಯಕ ಯಾವ ಅಂಗಿ ತೊಟ್ಟಿದ್ದ ಎಂಬುದು ನಮಗೆ ಗೊತ್ತು. ಶಿಲ್ಲಾಂಗಿನಲ್ಲಿ, ಚೆನ್ನೈನಲ್ಲಿ, ನಮ್ಮದೇ ಊರಿನ ಇನ್ನೊಂದು ಬಡಾವಣೆಯಲ್ಲಿ ಯಾರು ನುಡಿಸುತ್ತಿದ್ದಾರೆ ಎಂಬುದು ಗೊತ್ತಿಲ್ಲ. ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ. ಅದು ಮನೆಮನೆಗೆ ಬರಲು ಇನ್ನೂ ಹಲವು ವರ್ಷ. ಹಾಗಾಗಿ ಅಂಚೆಯೇ ಗತಿ. ಇದಕ್ಕೂ ಮೊದಲು, 1967ರಲ್ಲಿ, ಕಲ್ಕತ್ತೆಯಲ್ಲಿ ಡೆಸ್ಮಂಡ್ ಡಾಯ್ಗ್ ಸಂಪಾದಕತ್ವದ ‘ಜೂನಿಯರ್ ಸ್ಟೇಟ್ಸ್‌ಮನ್’ ಬಂದಿತ್ತು, ಪಾಪ್ ಸಂಗೀತಕ್ಕೂ ಜಾಗ ಕೊಟ್ಟಿತ್ತು. ಆದರೆ ಅದರ ಬೆನ್ನಿಗೆ ದೊಡ್ಡ ದಿನಪತ್ರಿಕೆ ಇತ್ತು. ಅಲಹಾಬಾದಿನವರ ಬೆನ್ನಿಗೆ ಹಾಗೆ ಯಾರೂ ಇರಲಿಲ್ಲ.

ಇಂಥ ಪ್ರಕಟಣೆಗೆ ಇಂಗ್ಲಿಷಿನಲ್ಲಿ ‘ಫ್ಯಾನ್‌ಜೀನ್’ ಎಂಬ ಹೆಸರಿದೆ. ಅಭಿಮಾನಿಯೇ ಬರೆದು, ಅಭಿಮಾನಿಯೇ ಅಚ್ಚುಹಾಕಿ, ಅಭಿಮಾನಿಗೇ ಹಂಚುವ ಪತ್ರಿಕೆ. ಅಮೆರಿಕದ ವಿಜ್ಞಾನಕಥೆಗಳ ಓದುಗರ ನಡುವೆ 1940ರಲ್ಲಿ ಹುಟ್ಟಿದ ಮಾತು ಅದು. ಸಂಗೀತಕ್ಕೆ ಬಂದದ್ದೂ ಅದೇ ಓದುಗರ ಮೂಲಕ. ಪಾಲ್ ವಿಲಿಯಮ್ಸ್ ಎಂಬ ಹದಿನೇಳರ ಹುಡುಗ ಮೊದಲು ವಿಜ್ಞಾನಕಥೆಗಳ ಕೈಪತ್ರಿಕೆ ಮಾಡುತ್ತಿದ್ದವನು. 1966ರ ಫೆಬ್ರುವರಿಯಲ್ಲಿ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಓದುತ್ತಿದ್ದಾಗ ಸೈಕ್ಲೋಸ್ಟೈಲಿನಲ್ಲಿ ಹತ್ತು ಪುಟದ ‘ಕ್ರಾಡ್ಯಾಡಿ’ ತಂದ. ಐನೂರು ಪ್ರತಿ. ರಾಕ್ ಹಾಡನ್ನು ಸಾಹಿತ್ಯಕೃತಿಯಂತೆ ಎದುರಿಟ್ಟುಕೊಂಡು ಚರ್ಚಿಸಿದ ಮೊದಲ ಅಮೆರಿಕನ್ ಪತ್ರಿಕೆ ಎಂಬ ಹೆಸರು ಅದಕ್ಕಿದೆ. ಅವನ ವಿಮರ್ಶೆ ಓದಿ ಗಾಯಕ ಪಾಲ್ ಸೈಮನ್ ಕಾಲೇಜಿಗೇ ಫೋನ್ ಮಾಡಿದ್ದರಂತೆ. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ರೋಲಿಂಗ್ ಸ್ಟೋನ್’ ಬಂತು; ಅದರ ಕಥೆ ಎಲ್ಲರಿಗೂ ಗೊತ್ತಿರುವಂಥದು.

ಲಂಡನ್ನಿನಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದ ಮಾರ್ಕ್ ಪೆರಿ 1976ರ ಜುಲೈನಲ್ಲಿ ‘ಸ್ನಿಫಿನ್ ಗ್ಲೂ’ ಶುರುಮಾಡಿದ್ದು ಇನ್ನೂ ಸಣ್ಣದಾಗಿ, ಐವತ್ತು ಪ್ರತಿ ಜೆರಾಕ್ಸ್ ಮಾಡಿಸಿ. ತಲೆಬರಹ ಸ್ಕೆಚ್ ಪೆನ್ನಿನಲ್ಲಿ, ಒಳಗೆ ಟೈಪು. ತಪ್ಪಾದ ಪದವನ್ನು ಹೊಡೆದುಹಾಕಿ ಮುಂದೆ ಬರೆದದ್ದು ಹಾಗೇ ಅಚ್ಚಾಗಿದೆ. ವರ್ಷದೊಳಗೆ ಅದು ಸಾವಿರಗಟ್ಟಲೆ ಮಾರಾಟವಾಗತೊಡಗಿತು; ಆಗಲೇ, 1977ರಲ್ಲಿ, ಆತ ಅದನ್ನು ನಿಲ್ಲಿಸಿಬಿಟ್ಟ. ಓದುವವರು ತಂತಮ್ಮ ಪತ್ರಿಕೆ ಮಾಡಲಿ ಎಂಬುದು ಅವನ ಆಸೆ. ಎಷ್ಟೋ ಜನ ಮಾಡಿದರು ಕೂಡ. ನ್ಯೂಯಾರ್ಕಿನ ‘ಟ್ರೌಸರ್ ಪ್ರೆಸ್’ ಬೇರೆ ದಾರಿ ಹಿಡಿಯಿತು. 1974ರಲ್ಲಿ ಸೈಕ್ಲೋಸ್ಟೈಲ್ ಹಾಳೆಗಳಾಗಿ ಕಛೇರಿಯ ಬಾಗಿಲಲ್ಲಿ ಮಾರಾಟವಾದದ್ದು, ಪೂರ್ಣ ಪ್ರಮಾಣದ ಮಾಸಪತ್ರಿಕೆಯಾಗಿ ಬೆಳೆದು ಹತ್ತು ವರ್ಷ ನಡೆಯಿತು.

ದೂರ ಇರುವವನು ಬರೆಯಲೇಬೇಕು ಎಂಬುದಕ್ಕೆ ನಮ್ಮ ದೇಶದಲ್ಲಿ ಅತ್ಯುತ್ತಮ ಉದಾಹರಣೆ ರಾಕ್ ಸಂಗೀತದ್ದಲ್ಲ, ಹಿಂದಿ ಚಿತ್ರಗೀತೆಯದು ಎಂಬುದು ನನ್ನ ಅಭಿಪ್ರಾಯ. ಅದೂ ಮುಂಬೈಯಿಂದಲ್ಲ, ಕಾನ್ಪುರದಿಂದ ಬಂದದ್ದು. ರೇಡಿಯೋ ಕೇಳುಗರ ಬಳಗದ ಉತ್ಸಾಹದಿಂದ ಹರ್‌ಮಂದಿರ್ ಸಿಂಗ್ ‘ಹಮ್‌ರಾಜ್’ ‘ಲಿಸನರ್ಸ್ ಬುಲೆಟಿನ್’ ಎಂಬ ಸಣ್ಣ ಪತ್ರಿಕೆ ನಡೆಸಿದರು. ಯಾವ ಚಿತ್ರದ ಯಾವ ಹಾಡನ್ನು ಯಾರು ಹಾಡಿದ್ದು, ರೆಕಾರ್ಡಿನ ನಂಬರ್ ಯಾವುದು, ಚಿತ್ರದಲ್ಲಿದ್ದೂ ರೆಕಾರ್ಡಿನಲ್ಲಿ ಇಲ್ಲದ ಹಾಡು ಯಾವುದು ಎಂಬಂಥ ಸಂಗತಿಗಳನ್ನು ಕೂಡಿಸುತ್ತ ಹೋದ ಆ ಶ್ರಮದಿಂದ ‘ಹಿಂದಿ ಫಿಲ್ಮ್ ಗೀತ್ ಕೋಶ್’ ಎಂಬ ಮಹಾಸಂಪುಟಗಳು ಬಂದವು. ದಶಕಕ್ಕೊಂದು ಸಂಪುಟ. ಇಂದಿಗೂ ಹಳೆಯ ಹಿಂದಿ ಹಾಡಿನ ಬಗ್ಗೆ ಜಗಳ ಬಂದರೆ ತೀರ್ಪು ಸಿಗುವುದು ಅದರಲ್ಲೇ. ಸ್ಟುಡಿಯೋಗಳ ಊರಿನವರು ಉಳಿಸಿಕೊಳ್ಳದ ಲೆಕ್ಕವನ್ನು ರೇಡಿಯೋ ಮುಂದೆ ಕೂತವರು ಬರೆದಿಟ್ಟರು. ಕನ್ನಡ ಚಿತ್ರಗೀತೆಗೆ ಇಂಥದೊಂದು ಕೆಲಸ ಆಗಬೇಕು ಎಂದು ಹೇಳುವಾಗಲೆಲ್ಲ ನನಗೆ ಕಾನ್ಪುರವೇ ನೆನಪಾಗುತ್ತದೆ.

ಈ ಪತ್ರಿಕೆಗಳು ಹೇಗೆ ತಯಾರಾಗುತ್ತವೆ ಎಂಬುದನ್ನು ತಿಳಿದರೆ, ಅವು ಏಕೆ ಬೆಳೆಯುತ್ತವೆ, ಏಕೆ ನಿಲ್ಲುತ್ತವೆ ಎಂಬುದೂ ತಿಳಿಯುತ್ತದೆ. ರಾಜಾಜಿನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಸೈಕ್ಲೋಸ್ಟೈಲಿಗೆ ಸ್ಟೆನ್ಸಿಲ್ ಕಟ್ ಮಾಡುವುದನ್ನು ನಾನು ಕಲಿತಿದ್ದೆ. ರಿಬ್ಬನ್ ತಪ್ಪಿಸಿ, ಮೇಣದ ಹಾಳೆಯ ಮೇಲೆ ಬರಿಯ ಅಕ್ಷರ ಬಡಿಯಬೇಕು. ಬಡಿದಲ್ಲಿ ಮೇಣ ಸೀಳುತ್ತದೆ. ಹಾಳೆಯನ್ನು ಡ್ರಮ್ಮಿಗೆ ಸುತ್ತಿ ಹಿಡಿ ತಿರುಗಿಸಿದರೆ ಆ ಸೀಳಿನಲ್ಲಿ ಮಸಿ ಇಳಿಯುತ್ತದೆ. ಬೆರಳು ಜೋರಾದರೆ ಇಂಗ್ಲಿಷಿನ ‘ಓ’ ಅಕ್ಷರದ ಹೊಟ್ಟೆಯೇ ಉದುರಿಹೋಗಿ ಅಚ್ಚಿನಲ್ಲಿ ಕಪ್ಪು ಚುಕ್ಕೆ ಮೂಡುತ್ತಿತ್ತು. ತಪ್ಪಾದರೆ ಕೆಂಪು ದ್ರವ ಬಳಿದು, ಊದಿ ಒಣಗಿಸಿ, ಮತ್ತೆ ಬಡಿಯುವುದು. ಒಂದು ಸ್ಟೆನ್ಸಿಲ್ ಕೆಲವು ನೂರು ಪ್ರತಿಯವರೆಗೆ ಚೆನ್ನಾಗಿ ತಾಳುತ್ತದೆ. ಆಮೇಲೆ ಅಕ್ಷರ ಹರಡತೊಡಗುತ್ತದೆ.

ಜೆರಾಕ್ಸಿನ ಲೆಕ್ಕ ಬೇರೆ. ಅಲ್ಲಿ ಮೊದಲ ಪ್ರತಿಗೂ ಐವತ್ತನೆಯ ಪ್ರತಿಗೂ ಬೆಲೆ ಹೆಚ್ಚುಕಡಿಮೆ ಅಷ್ಟೇ. ಚಿತ್ರವನ್ನು ಕತ್ತರಿಸಿ ಅಂಟಿಸಬಹುದು, ಕೈಯಲ್ಲೇ ಬರೆಯಬಹುದು, ಕಾಸಿದ್ದಷ್ಟು ತೆಗೆಸಬಹುದು. ಆದರೆ ಪ್ರತಿಗಳು ಸಾವಿರ ದಾಟಿದರೆ ಆಫ್‌ಸೆಟ್ಟಿಗೆ ಹೋಗಲೇಬೇಕು. ಡಿಟಿಪಿ ಮಾಡಿಸಿ, ಬಟರ್ ಪೇಪರಿನಲ್ಲಿ ಪ್ರಿಂಟ್ ತೆಗೆಸಿ, ಪ್ಲೇಟ್ ಮಾಡಿಸಿ, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಯಾವುದೋ ಪ್ರೆಸ್ಸಿನ ಮುಂದೆ ಕಾಯುವ ಕೆಲಸ. ಪ್ಲೇಟಿನ ಖರ್ಚು ನೂರು ಪ್ರತಿಗೂ ಒಂದೇ, ಎರಡು ಸಾವಿರಕ್ಕೂ ಒಂದೇ. ಹಾಗಾಗಿ ಹೆಚ್ಚು ಪ್ರತಿ ಹಾಕಿಸಿದರೇ ಗಿಟ್ಟುವುದು. ಹೆಚ್ಚು ಹಾಕಿಸಿದರೆ ಮಾರಬೇಕು. ಮಾರಲು ಏಜೆಂಟರು ಬೇಕು, ಏಜೆಂಟರಿಗೆ ಕಮಿಷನ್ ಬೇಕು, ಅದನ್ನು ತುಂಬಿಸಲು ಜಾಹೀರಾತು ಬೇಕು. ಜಾಹೀರಾತು ಕೊಡುವವರು ಯಾರು? ಕ್ಯಾಸೆಟ್ ಕಂಪನಿಯವರು, ವಾದ್ಯದ ಅಂಗಡಿಯವರು, ಕಾರ್ಯಕ್ರಮ ನಡೆಸುವವರು. ಅಂದರೆ ಯಾರ ಕೆಲಸದ ಬಗ್ಗೆ ನಿರ್ಭಿಡೆಯಿಂದ ಬರೆಯಬೇಕೋ ಅವರೇ. ಐವತ್ತು ಪ್ರತಿಯವನಿಗೆ ಇದ್ದ ಸ್ವಾತಂತ್ರ್ಯಕ್ಕೆ ಇಲ್ಲಿಂದ ಪರೀಕ್ಷೆ ಶುರು.

ಕಾನೂನೂ ಇಲ್ಲೇ ಎದುರಾಗುತ್ತದೆ. ನಿಯತಕಾಲಿಕೆ ಎಂದರೆ ಹೆಸರಿಗೆ ಒಪ್ಪಿಗೆ ಪಡೆದು, 1867ರ ಕಾಯ್ದೆಯಂತೆ ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಮಾಡಿ, ನೋಂದಾಯಿಸಬೇಕಿತ್ತು. 2024ರ ಮಾರ್ಚ್ 1ರಿಂದ ಅದರ ಜಾಗದಲ್ಲಿ ಹೊಸ ಕಾಯ್ದೆ ಬಂದಿದೆ. ನಮ್ಮ ಕನ್ನಡದ ಎಷ್ಟೋ ಸಣ್ಣ ಪತ್ರಿಕೆಗಳ ಮೂಲೆಯಲ್ಲಿ ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂದು ಕಾಣುವುದು ಈ ಹೊಸ್ತಿಲಿನ ಈಚೆಗೇ ನಿಂತವರ ಗುರುತು.

‘ರಾಕ್ ಸ್ಟ್ರೀಟ್ ಜರ್ನಲ್’ ಈ ಹೊಸ್ತಿಲು ದಾಟಿತು. ದೆಹಲಿಗೆ ಹೋಯಿತು. ಬರೆದರಷ್ಟೇ ಸಾಲದು, ನುಡಿಸುವವರಿಗೆ ವೇದಿಕೆಯೂ ಬೇಕು ಎಂದು 1997ರಲ್ಲಿ ‘ಗ್ರೇಟ್ ಇಂಡಿಯನ್ ರಾಕ್’ ಉತ್ಸವ ಶುರುಮಾಡಿತು. ಬೇರೆಯವರ ಹಾಡನ್ನು ಚೆನ್ನಾಗಿ ನುಡಿಸುವುದೇ ದೊಡ್ಡ ಸಾಧನೆ ಎನ್ನುತ್ತಿದ್ದ ಕಾಲದಲ್ಲಿ ಅದು ಸ್ವಂತ ರಚನೆಗೆ ಒತ್ತು ಕೊಟ್ಟಿತು, ಆ ಹಾಡುಗಳನ್ನು ಸಂಕಲನಗಳಾಗಿ ಹೊರತಂದಿತು. ಪತ್ರಿಕೆ ಓದಿ ತನ್ನಂಥವರು ಇದ್ದಾರೆಂದು ತಿಳಿದ ಹುಡುಗ, ಮುಂದೆ ತಾನೇ ಆ ಪುಟದಲ್ಲಿ ಕಾಣಿಸಿಕೊಳ್ಳುವಂತಾಯಿತು. ಸೈಗಲ್ ಅವರನ್ನು ಸಂಗೀತಗಾರರು ‘ಪಾಪಾ ರಾಕ್’ ಎಂದು ಕರೆಯುತ್ತಿದ್ದರು. 2012ರ ಜನವರಿಯಲ್ಲಿ ಗೋವಾದಲ್ಲಿ ಅವರು ತೀರಿಕೊಂಡಾಗ ದೇಶದ ಮೂಲೆಮೂಲೆಯ ಬ್ಯಾಂಡುಗಳು ಮನೆಯ ಹಿರಿಯನನ್ನು ಕಳೆದುಕೊಂಡಂತೆ ಮಾತಾಡಿದವು.

ಬೆಂಗಳೂರಿನಲ್ಲೂ ಅದೇ ಹೊತ್ತಿಗೆ ಬೇರು ಬಿಡುತ್ತಿತ್ತು. ‘ಮಿಲೇನಿಯಂ’ ಎಂಬತ್ತರ ದಶಕದ ಕೊನೆಯಿಂದಲೇ ಹೆವಿ ಮೆಟಲ್ ನುಡಿಸುತ್ತಿತ್ತು. 1996ರಲ್ಲಿ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಹುಟ್ಟಿತು, ಅದೇ ವರ್ಷ ಸ್ವಾತಂತ್ರ್ಯ ದಿನದ ಉಚಿತ ಸಂಗೀತ ಕೂಟ ‘ಫ್ರೀಡಂ ಜಾಮ್’ ಶುರುವಾಯಿತು. 1998ರಲ್ಲಿ ‘ಕ್ರಿಪ್ಟೋಸ್’. ಊರಿನ ಪಶ್ಚಿಮ ಭಾಗದ ನಮ್ಮಂಥ ಹುಡುಗರಿಗೆ ಇವೆಲ್ಲ ಸಿಕ್ಕಿದ್ದು ಕಾಲೇಜು ಉತ್ಸವಗಳಲ್ಲಿ. ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಉತ್ಸವದ ಹೆಸರೇ ‘ಎಯ್ತ್ ಮೈಲ್’, ಎಂಟನೆಯ ಮೈಲಿ. ಊರಿನಿಂದ ಇರುವ ದೂರವನ್ನೇ ಹೆಸರಾಗಿ ಇಟ್ಟುಕೊಂಡ ಆ ಉತ್ಸವ ನನಗೆ ಅದಕ್ಕಾಗಿಯೇ ಬಹಳ ಇಷ್ಟ. 2007ರ ಮಾರ್ಚಿನಲ್ಲಿ ಅರಮನೆ ಮೈದಾನಕ್ಕೆ ‘ಐರನ್ ಮೇಡನ್’, 2011ರ ಅಕ್ಟೋಬರಿನಲ್ಲಿ ‘ಮೆಟಾಲಿಕಾ’ ಬಂದಾಗ ಕಪ್ಪು ಟೀ ಶರ್ಟಿನವರು ಎಲ್ಲೆಲ್ಲಿಂದಲೋ ಬಂದು ಸೇರಿದರು. ಇಷ್ಟು ಜನ ಇದ್ದೆವೇ ಎಂದು ಒಬ್ಬರ ಮುಖ ಒಬ್ಬರು ನೋಡಿದೆವು.

ಹಾಗಾದರೆ ಕನ್ನಡದಲ್ಲಿ? ಅಭಿಮಾನದಿಂದ ಪತ್ರಿಕೆ ಮಾಡುವ ಕಲೆ ನಮಗೆ ಹೊಸದಲ್ಲ. ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ನೂರು ವರ್ಷಕ್ಕೂ ಹಿಂದೆ ‘ಪ್ರಬುದ್ಧ ಕರ್ನಾಟಕ’ ತಂದಿತು, ಮುಂದೆ ಅದು ವಿಶ್ವವಿದ್ಯಾಲಯದ ಪತ್ರಿಕೆಯಾಯಿತು. ಅರವತ್ತರ ದಶಕದಲ್ಲಿ ಅಡಿಗರ ‘ಸಾಕ್ಷಿ’ ಬಂತು. ಧಾರವಾಡದಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಎಂಬ ಮೂವರು ಗೆಳೆಯರು ‘ಸಂಕ್ರಮಣ’ ಹೊರಡಿಸಿದರು. ಶಾಲೆ ಕಾಲೇಜುಗಳ ಕೈಬರಹದ ಪತ್ರಿಕೆಗಳಿಗಂತೂ ಲೆಕ್ಕವಿಲ್ಲ. ಇವೆಲ್ಲ ಬಹುಮಟ್ಟಿಗೆ ಸಾಹಿತ್ಯದ ಪತ್ರಿಕೆಗಳು. ಹಾಡಿನ ಕಡೆಗೆ ನಮಗಿದ್ದದ್ದು ಚಿತ್ರಮಂದಿರದ ಮುಂದೆ ಮಾರುತ್ತಿದ್ದ ಪದ್ಯಾವಳಿ. ಮಡಿಸಿದ ತೆಳು ಹಾಳೆ, ಅರ್ಧ ಕಥಾಸಾರ, ಮಿಕ್ಕದ್ದನ್ನು ತೆರೆಯ ಮೇಲೆ ನೋಡಿ ಎಂಬ ಮಾತು, ಆಮೇಲೆ ಹಾಡು. ಅವುಗಳನ್ನು ಕೂಡಿಸಿ ದಾರ ಹಾಕಿ ಹೊಲಿದು, ಅಂಚಿನಲ್ಲಿ ತಮ್ಮ ಮೆಚ್ಚುಗೆ ಬರೆದಿಟ್ಟುಕೊಂಡ ಅತ್ತೆ, ಚಿಕ್ಕಮ್ಮಂದಿರು ಪ್ರತಿ ಮನೆಯಲ್ಲೂ ಇದ್ದರು. ಅವರ ಆ ಕಟ್ಟುಗಳು ಫ್ಯಾನ್‌ಜೀನ್ ಅಲ್ಲ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಒಂದೇ ಪ್ರತಿಯ ಪತ್ರಿಕೆಗಳು ಅವು.

ಈಗ ‘ಸ್ವರಾತ್ಮ’ದಂಥ ತಂಡ, ರಘು ದೀಕ್ಷಿತ್‌ರಂಥ ಗಾಯಕರು ಕನ್ನಡದ ಪದವನ್ನು ಗಿಟಾರಿಗೆ ಕೂರಿಸಿದ್ದಾರೆ. ಹುಡುಗರು ಆಡುಮಾತಿನಲ್ಲಿ ರ‍್ಯಾಪ್ ಕಟ್ಟುತ್ತಿದ್ದಾರೆ. ಹಾಡು ಕೈಯಲ್ಲಿರುವ ಫೋನಿಗೇ ಬರುತ್ತದೆ, ಮರುದಿನ ಇನ್ನೊಂದರ ಅಡಿಯಲ್ಲಿ ಮರೆಯಾಗುತ್ತದೆ. ಯಾರು ಬರೆದರು, ಎಲ್ಲಿ ರೆಕಾರ್ಡ್ ಮಾಡಿದರು, ಮೊದಲ ಸಲ ಯಾವ ಕಾಲೇಜಿನಲ್ಲಿ ಹಾಡಿದರು ಎಂಬುದನ್ನು ಬರೆದಿಡುವವರು ಬೇಕಾಗಿದ್ದಾರೆ.

ಮಾಡುವುದು ಕಷ್ಟವಲ್ಲ. ಒಂದು ಎ4 ಹಾಳೆಯನ್ನು ಎಂಟು ಪಾಲಾಗುವಂತೆ ಮಡಿಸಿ ಬಿಚ್ಚಿ. ನಟ್ಟನಡುವಿನ ಉದ್ದ ಮಡಿಕೆಯಲ್ಲಿ, ಎರಡು ಪಾಲಿನಷ್ಟು ಮಾತ್ರ, ಕತ್ತರಿಯಿಂದ ಸೀಳಿ. ಹಾಳೆಯನ್ನು ಉದ್ದಕ್ಕೆ ಮಡಿಸಿ ಎರಡು ತುದಿಗಳಿಂದ ಒಳಕ್ಕೆ ಒತ್ತಿದರೆ ಪಿನ್ನಿಲ್ಲದೆ, ಅಂಟಿಲ್ಲದೆ ಎಂಟು ಪುಟದ ಪುಸ್ತಕ ನಿಲ್ಲುತ್ತದೆ. ಒಂದೇ ಮಗ್ಗುಲು ಜೆರಾಕ್ಸ್ ತೆಗೆಸಿದರೆ ಸಾಕು. ಪುಟ ಬಿಚ್ಚಿ ಹಾಳೆ ತಿರುವಿದರೆ ಹಿಂದೆ ಇಡೀ ಒಂದು ಚಿತ್ರಕ್ಕೆ ಜಾಗ ಇರುತ್ತದೆ. ಕೊನೆಯ ಪುಟದಲ್ಲಿ ನಿಮ್ಮ ಬಡಾವಣೆಯ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ. ನಾಗರಭಾವಿಯೋ, ಅತ್ತಿಗುಪ್ಪೆಯೋ, ಕೆಂಗೇರಿ ಉಪನಗರವೋ, ಯಾವುದಾದರೂ ಸರಿ. ನಾನು ಮೊದಲು ನೋಡುವುದು ಅದನ್ನೇ.