ಬುತ್ತಿಯ ಗಂಟಿನೊಡನೆ ವಿಮೆಯ ಚೀಟಿ

ಯಾತ್ರೆಗೆ ಹೊರಡುವ ಮನೆಯ ಸಡಗರವೇ ಬೇರೆ. ಕೊಪ್ಪಳ ಸೀಮೆಯ ಗೃಹಿಣಿಯರು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳ ಬುತ್ತಿಯನ್ನು ಎರಡು ದಿನ ಮೊದಲೇ ಅಣಿಮಾಡುತ್ತಾರೆ. ಹಿರಿಯರ ಗುಳಿಗೆಗಳೂ ಮಕ್ಕಳ ಹೊದಿಕೆಗಳೂ ಮರೆಯದೆ ಗಂಟು ಸೇರುತ್ತವೆ. ವಿಮೆಯ ಮಾತೆತ್ತಿದರೆ ಮಾತ್ರ, “ಹೊರಡುವ ಹೊತ್ತಿನಲ್ಲಿ ಅಂಥ ಮಾತೇಕೆ?” ಎಂದು ಹಿರಿಯರು ಗದರಿಸುವುದುಂಟು. ಅಂಥ ಮಾತನ್ನು ಆಡಲೇಬೇಕೆನ್ನುವುದಕ್ಕೆ ಕಾರಣಗಳಿವೆ.

ಹುಬ್ಬಳ್ಳಿಯಿಂದ ಕೊಪ್ಪಳ, ಹೊಸಪೇಟೆಗಳ ಮಾರ್ಗವಾಗಿ ಬೆಂಗಳೂರಿಗೆ ಸಾಗುವ ಹಂಪಿ ಎಕ್ಸ್‌ಪ್ರೆಸ್ ಈ ಭಾಗದ ಜನರ ಮನೆಮಾತು. 2012ರ ಮೇ 22ರ ನಸುಕಿನಲ್ಲಿ, ಪ್ರಯಾಣಿಕರು ಗಾಢನಿದ್ರೆಯಲ್ಲಿದ್ದಾಗ, ಆ ಗಾಡಿಯು ಆಂಧ್ರದ ಪೆನುಕೊಂಡದ ಬಳಿ ಗೂಡ್ಸ್ ಗಾಡಿಯೊಂದಕ್ಕೆ ಡಿಕ್ಕಿ ಹೊಡೆಯಿತು. ಸುಮಾರು 25 ಜನ ಪ್ರಾಣ ಕಳೆದುಕೊಂಡರು. ಇಂದು ಟಿಕೆಟ್ಟಿನೊಡನೆ ದೊರೆಯುವ ಅಗ್ಗದ ವಿಮೆ ಅಂದು ಇರಲಿಲ್ಲ; ಅದು ಆರಂಭವಾದುದು 2016ರಲ್ಲಿ.

ನಲವತ್ತೈದು ಪೈಸೆಯ ರಕ್ಷಣೆ

ರೈಲು ಪ್ರಯಾಣಕ್ಕೆ ವಿಮೆ ಮಾಡುವ ಯೋಚನೆ ಹೊಸತಲ್ಲ. ಇಂಗ್ಲೆಂಡಿನಲ್ಲಿ 1849ರ ಹೊತ್ತಿಗೇ ರೈಲ್ವೆ ಪ್ಯಾಸೆಂಜರ್ಸ್ ಅಶ್ಯೂರೆನ್ಸ್ ಎಂಬ ಕಂಪನಿಯು ಒಂದೊಂದು ಪ್ರಯಾಣಕ್ಕೂ ಕೆಲವೇ ಪೆನ್ನಿಗಳಿಗೆ ವಿಮೆಯ ಚೀಟಿ ಮಾರುತ್ತಿತ್ತು.

ನಮ್ಮಲ್ಲಿ ಐ.ಆರ್.ಸಿ.ಟಿ.ಸಿ. ಮೂಲಕ ಇ-ಟಿಕೆಟ್ ಕಾಯ್ದಿರಿಸುವವರು ಒಂದು ಗುರುತು ಒತ್ತಿದರೆ ಸಾಕು. ಮೊದಲು 92 ಪೈಸೆಯಿದ್ದ ಕಂತು ಇತ್ತೀಚೆಗೆ ತಲೆಗೆ 45 ಪೈಸೆ. ರೈಲು ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಸಂಭವಿಸಿದರೆ 10 ಲಕ್ಷ ರೂಪಾಯಿ, ಶಾಶ್ವತ ಭಾಗಶಃ ವೈಕಲ್ಯಕ್ಕೆ 7.5 ಲಕ್ಷದವರೆಗೆ, ಗಾಯಾಳುವಿನ ಆಸ್ಪತ್ರೆಯ ಖರ್ಚಿಗೆ 2 ಲಕ್ಷದವರೆಗೆ ದೊರೆಯುತ್ತದೆ.

ಗುರುತು ಒತ್ತಿದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ವಿಮಾ ಕಂಪನಿಯಿಂದ ಮೊಬೈಲಿಗೋ ಇ-ಮೇಲಿಗೋ ಬರುವ ಸಂದೇಶದ ಮೂಲಕ ನಾಮಿನಿಯ ಹೆಸರನ್ನು ತುಂಬಬೇಕು. ಬಹಳ ಮಂದಿ ಆ ಸಂದೇಶವನ್ನು ಜಾಹೀರಾತೆಂದು ಬಗೆದು ಅಳಿಸಿಬಿಡುತ್ತಾರೆ. ಹೆಸರಿಲ್ಲದಿದ್ದರೆ ಹಣವೇನೋ ವಾರಸುದಾರರಿಗೇ ಸಲ್ಲುತ್ತದೆ. ಆದರೆ ದುಃಖದಲ್ಲಿರುವ ಕುಟುಂಬವು ವಾರಸುದಾರಿಕೆಯ ಕಾಗದಪತ್ರಗಳಿಗಾಗಿ ಅಲೆಯಬೇಕಾದೀತು.

ರಕ್ಷಣೆ ಎಲ್ಲಿಯವರೆಗೆ?

ಗಂಗಾವತಿಗೆ 2019ರಲ್ಲಿ ರೈಲು ಬಂದಿತು. ಕುಷ್ಟಗಿಯಿಂದ ಹುಬ್ಬಳ್ಳಿಗೆ 2025ರ ಮೇ 15ರಂದು ಗಾಡಿ ಹೊರಟಿತು. ಅದೇ ಹಳಿ ಯಲಬುರ್ಗಾ ಸೀಮೆಯನ್ನೂ ಹಾದುಹೋಗುತ್ತದೆ. ಬಸ್ಸೊಂದನ್ನೇ ನೆಚ್ಚಿಕೊಂಡಿದ್ದ ಊರುಗಳಿಗೆ ಇದು ದೊಡ್ಡ ಅನುಕೂಲ. ಆದರೆ ಸ್ಟೇಷನ್ನಿನ ಕೌಂಟರಿನಲ್ಲಿ ಕೊಂಡ ಟಿಕೆಟ್ಟಿಗೂ, ಕಾಯ್ದಿರಿಸದ ಡಬ್ಬಿಯ ಟಿಕೆಟ್ಟಿಗೂ ಈ 45 ಪೈಸೆಯ ವಿಮೆ ಅನ್ವಯಿಸದು. ಆಸನವಿಲ್ಲದೆ ಮಡಿಲಲ್ಲಿ ಕರೆದೊಯ್ಯುವ ಐದು ವರ್ಷದೊಳಗಿನ ಕೂಸಿಗೂ ಇದಿಲ್ಲ. ಊರಿನಿಂದ ಸ್ಟೇಷನ್ನಿನವರೆಗಿನ ಬಸ್ಸು, ಟಂಟಂ, ಬಾಡಿಗೆ ಕಾರಿನ ದಾರಿಯೂ ಇದರ ಹೊರಗೆ. ಆದುದರಿಂದ ಮೇಲಿಂದ ಮೇಲೆ ತಿರುಗಾಡುವವರು ವರ್ಷವಿಡೀ ಎಲ್ಲ ವಾಹನಗಳಿಗೂ ಒದಗುವ ವೈಯಕ್ತಿಕ ಅಪಘಾತ ವಿಮೆಯನ್ನು ಬೇರೆಯಾಗಿ ಮಾಡಿಸುವುದು ಲೇಸು.

ವಿಮೆ ಮಾಡಿಸದ ಪ್ರಯಾಣಿಕರು ತೀರ ಅನಾಥರೇನೂ ಅಲ್ಲ. 1989ರ ರೈಲ್ವೆ ಕಾಯಿದೆಯಂತೆ, ಸರಿಯಾದ ಟಿಕೆಟ್ ಹೊಂದಿದವರು ರೈಲು ಅಪಘಾತದಲ್ಲಿ ಮೃತಪಟ್ಟರೆ ರೈಲ್ವೆ ಇಲಾಖೆಯೇ ಪರಿಹಾರ ಕೊಡಬೇಕು. 2017ರಿಂದ ಅದು 8 ಲಕ್ಷ ರೂಪಾಯಿ. ಇದಕ್ಕೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ ಅರ್ಜಿ ಸಲ್ಲಿಸಬೇಕು. ವಿಮೆಯ ಹಣ ಇದಕ್ಕಿಂತ ಬೇರೆ.

ಕಾಯಿಲೆಯ ಮಾತು ಬೇರೆ

ಅನೇಕರು ಎಡವುವುದು ಇಲ್ಲಿಯೇ. ಅಪಘಾತದ ವಿಮೆ ಅಪಘಾತಕ್ಕೆ ಮಾತ್ರ. ಕಾಶಿಯ ಘಾಟಿನಲ್ಲಿ ಅಜ್ಜನವರಿಗೆ ಎದೆನೋವು ಬಂದರೆ ಆ ಚೀಟಿ ನೆರವಿಗೆ ಬಾರದು. ಅದಕ್ಕೆ ಬೇಕಾದುದು ಆರೋಗ್ಯ ವಿಮೆ. ಮನೆಯಲ್ಲಿ ಅದು ಈಗಾಗಲೇ ಇದ್ದರೆ, ಹೋಗುವ ಊರಿನ ಯಾವ ಆಸ್ಪತ್ರೆಗಳಲ್ಲಿ ಮುಂಗಡ ಹಣವಿಲ್ಲದೆ ಚಿಕಿತ್ಸೆ ದೊರೆಯುವುದೆಂದು ಹೊರಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಪರದೇಶದಲ್ಲಿರುವ ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಗಳಿಗಂತೂ ಈ ಎಚ್ಚರ ಇಮ್ಮಡಿ ಬೇಕು. ಯೂರೋಪಿನ ಷೆಂಗೆನ್ ದೇಶಗಳು ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆಯಿಲ್ಲದೆ ವೀಸಾ ಕೊಡುವುದಿಲ್ಲ. ಅಮೆರಿಕೆಯಲ್ಲಿ ಆಸ್ಪತ್ರೆಯ ವೆಚ್ಚ ವಿಪರೀತವಾದುದರಿಂದ ಅಲ್ಲಿಗೆ ಇನ್ನೂ ದೊಡ್ಡ ಮೊತ್ತ ಅಗತ್ಯ. ಕಂತು ಏರೀತೆಂಬ ಭಯದಿಂದ ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಮುಚ್ಚಿಟ್ಟರೆ, ಆಸ್ಪತ್ರೆಯ ಬಿಲ್ಲು ಬಂದ ದಿನ ಅದೇ ನೆಪದಿಂದ ಪರಿಹಾರ ನಿರಾಕರಿಸಲ್ಪಡಬಹುದು.

ಕೇಳಬೇಕಾದ ಪ್ರಶ್ನೆಗಳು

ಹಣ ಕಟ್ಟುವ ಮೊದಲು ನಾಲ್ಕು ಮಾತು ವಿಚಾರಿಸಬೇಕು. ಯಾವ ಆಪತ್ತಿಗೆ ಈ ವಿಮೆ? ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ದಿನ? ಮೊದಲಿಂದ ಇರುವ ಕಾಯಿಲೆಗೆ ಅನ್ವಯಿಸುವುದೇ? ಖರ್ಚಿನಲ್ಲಿ ಮೊದಲ ಭಾಗ ಎಷ್ಟನ್ನು ತಾವೇ ಭರಿಸಬೇಕು? ಉತ್ತರಗಳು ಪಾಲಿಸಿಯ ಬರಹದಲ್ಲಿಯೇ ಇರಬೇಕು. ಏಜೆಂಟರ ಬಾಯಿಮಾತು ಸಾಲದು.

ಕಂಪನಿಯು ನ್ಯಾಯವಾದ ಪರಿಹಾರವನ್ನು ನಿರಾಕರಿಸಿದರೆ ಮೊದಲು ಅದಕ್ಕೇ ಲಿಖಿತ ದೂರು ಕೊಡಬೇಕು. 30 ದಿನಗಳಲ್ಲಿ ಸಮಾಧಾನಕರ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರ ಕಚೇರಿಗೆ ದೂರಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಪಾಲಿಸಿಯ ಪ್ರತಿಯೊಂದನ್ನು ಊರಲ್ಲಿಯೇ ಉಳಿಯುವ ಅಣ್ಣತಮ್ಮಂದಿರಿಗೋ ಅಳಿಯನಿಗೋ ಕೊಟ್ಟಿರಬೇಕು. ವಿಮೆಯ ಚೀಟಿಯು ಪ್ರಯಾಣಿಕರ ಪೆಟ್ಟಿಗೆಯೊಡನೆಯೇ ಕಳೆದುಹೋದರೆ, ಅಂಥದೊಂದು ವಿಮೆ ಇತ್ತೆಂಬುದೇ ಮನೆಯವರಿಗೆ ತಿಳಿಯದೆ ಹೋದೀತು.