ವಿಂಡೋಸ್ ಬಿಟ್ಟು ಲಿನಕ್ಸ್‌ಗೆ: ಹೊರಡುವ ಮುನ್ನ ಗಂಟು ಕಟ್ಟಿ

ಮುಂಬಯಿಯ ಬಾಡಿಗೆದಾರರಿಗೆ ಹನ್ನೊಂದು ತಿಂಗಳ ಕರಾರು ಹೊಸದೇನಲ್ಲ. ಹೊಸ ಮನೆಯ ಬೀಗದಕೈ ಸಿಗುವ ಮೊದಲೇ ಹಳೆ ಮನೆಯ ಸಾಮಾನು ಎಣಿಸಿ ಗಂಟು ಕಟ್ಟುತ್ತೇವೆ. ಆದರೆ ಕಂಪ್ಯೂಟರಿನಲ್ಲಿ ವ್ಯವಸ್ಥೆ ಬದಲಿಸುವಾಗ ಹೆಚ್ಚಿನವರು ಈ ಕ್ರಮವನ್ನೇ ತಿರುವುಮುರುವು ಮಾಡುತ್ತಾರೆ. ಮೊದಲು ಹೊಸದನ್ನು ಹಾಕಿಸಿಕೊಂಡು, ಆಮೇಲೆ ಹಳೆಯ ಕಡತ ಎಲ್ಲಿ ಎಂದು ಹುಡುಕುತ್ತಾರೆ.

ಈಗ ಈ ಮಾತು ಬರಲು ಕಾರಣವಿದೆ. 2015ರ ಜುಲೈಯಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಮತ್ತು ಸಾಕಷ್ಟು ಹೊಸ ಪ್ರೊಸೆಸರ್ ಇರಬೇಕು. ಹಾಗಾಗಿ ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಅನರ್ಹವಾಗಿವೆ. ಅವುಗಳಿಗೆ ಲಿನಕ್ಸ್ ಮಿಂಟ್, ಉಬುಂಟುಗಳಂಥ ಉಚಿತ ವ್ಯವಸ್ಥೆಗಳು ಒಳ್ಳೆಯ ದಾರಿ. ಹೀಗೆ ಹೊರಟವರು ನನ್ನನ್ನು ಮೊದಲು ಕೇಳುವುದು, ‘ಆಂಟಿವೈರಸ್ ಯಾವುದು ಹಾಕಲಿ?’ ಎಂದು. ಮೊದಲು ಕೇಳಬೇಕಾದದ್ದು, ‘ನನ್ನ ಕನ್ನಡ ಕಡತಗಳು ಅಲ್ಲಿ ತೆರೆಯುತ್ತವೆಯೇ?’ ಎಂದು.

ಡೊಂಬಿವಲಿಯಲ್ಲಿರುವ ನನ್ನ ಪರಿಚಯದ ನಿವೃತ್ತ ಬ್ಯಾಂಕ್ ನೌಕರರೊಬ್ಬರ ವಿಷಯ ಹೇಳುತ್ತೇನೆ. ಹದಿನೈದು ವರ್ಷಗಳ ಲೇಖನಗಳು, ಸಂಘದ ಸಭಾ ನಡಾವಳಿ, ಮಗಳ ಮದುವೆಯ ಕರೆಯೋಲೆ ಎಲ್ಲವೂ ನುಡಿಯ ಹಳೆಯ ಫಾಂಟಿನಲ್ಲಿ. ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿ ಸಿದ್ಧರಾಗಿದ್ದರು. ಲಿನಕ್ಸನ್ನು ಇನ್‌ಸ್ಟಾಲ್ ಮಾಡದೆ, ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡುವ ಸೌಲಭ್ಯವಿದೆ. ಹಾಗೆ ಓಡಿಸಿ ಒಂದು ಲೇಖನ ತೆರೆದಾಗ ಪರದೆಯ ಮೇಲೆ ಬಂದದ್ದು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ.

ಕಡತ ಹಾಳಾಗಿರಲಿಲ್ಲ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಒಳಗಿರುವುದು ರೋಮನ್ ಸಂಕೇತಗಳು. ಫಾಂಟು ಅವಕ್ಕೆ ಕನ್ನಡದ ವೇಷ ಹಾಕುತ್ತದೆ, ಅಷ್ಟೇ. ಆ ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ.

ಆದ್ದರಿಂದ ವಿಂಡೋಸ್ ಇನ್ನೂ ಇರುವಾಗಲೇ ಮೂರು ಕೆಲಸ ಮಾಡಿ. ನುಡಿ ಮತ್ತು ಬರಹದಲ್ಲಿರುವ ಪರಿವರ್ತಕಗಳಿಂದ ಕಡತಗಳನ್ನು ಯೂನಿಕೋಡ್‌ಗೆ ತನ್ನಿ. ಒತ್ತಕ್ಷರ, ಅರ್ಕಾವೊತ್ತುಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಮುಖ್ಯವಾದವುಗಳ ಪಿಡಿಎಫ್ ಪ್ರತಿಯನ್ನೂ ಮಾಡಿಡಿ. ಮೂಲ ಕಡತಗಳನ್ನು ಅಳಿಸದೆ, ಫಾಂಟುಗಳ ಜೊತೆಗೆ ಉಳಿಸಿಕೊಳ್ಳಿ. ಲಿನಕ್ಸಿನಲ್ಲಿ ಕನ್ನಡ ಟೈಪಿಸುವ ಬಗ್ಗೆ ಚಿಂತೆ ಬೇಡ, ನೀವು ಬಲ್ಲ ಕಗಪ ಕೀಲಿಮಣೆ ಅಲ್ಲೂ ಇದೆ.

ಇನ್ನೊಂದು ಅಪಾಯ ‘ಡಿ ಡ್ರೈವ್’. ಬ್ಯಾಕಪ್ ಅಲ್ಲಿದೆ ಎಂದು ನಿಶ್ಚಿಂತೆಯಿಂದಿರುವವರು ಬಹಳ. ಸಿ ಮತ್ತು ಡಿ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಕೋಣೆಗಳು. ಇನ್‌ಸ್ಟಾಲ್ ಮಾಡುವಾಗ ‘ಇಡೀ ಡಿಸ್ಕ್ ಅಳಿಸಿ’ ಎಂಬ ಆಯ್ಕೆ ಒತ್ತಿದರೆ ಎರಡೂ ಹೋಗುತ್ತವೆ. ಡಿಸ್ಕಿಗೆ ಬಿಟ್‌ಲಾಕರ್ ಹಾಕಿದ್ದರೆ ಅದರ ರಿಕವರಿ ಕೀಯನ್ನೂ ಮೊದಲೇ ಕಾಗದದಲ್ಲಿ ಬರೆದಿಡಿ.

ನಮ್ಮ ವೃತ್ತಿಯಲ್ಲಿ 3-2-1 ಎಂಬ ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ಇದು ಅತಿಯಾಯಿತು ಎನಿಸಿದರೆ 2005ರ ಜುಲೈ 26ನ್ನು ನೆನೆಯಿರಿ. ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಬಿತ್ತು. ಕಪಾಟಿನ ಕೆಳ ಅರೆಯಲ್ಲಿದ್ದ ಡಿಸ್ಕು ಮತ್ತು ಪಕ್ಕದಲ್ಲೇ ಇಟ್ಟ ಅದರ ಬ್ಯಾಕಪ್, ಎರಡಕ್ಕೂ ನೀರು ಒಂದೇ. ಊರಲ್ಲಿ ಮನೆಯಿರುವ ನಮಗೆ ಪರಿಹಾರ ಸುಲಭ. ಮುಂದಿನ ಸಲ ಮತ್ಸ್ಯಗಂಧಾ ಹತ್ತುವಾಗ ಪಾಸ್‌ವರ್ಡ್ ಹಾಕಿ ಗೂಢಲಿಪೀಕರಿಸಿದ ಒಂದು ಡಿಸ್ಕು ಒಯ್ದು ಅಲ್ಲಿಟ್ಟು ಬನ್ನಿ.

ಒಂದು ಪ್ರತಿ ಯಾವ ತಂತಿಗೂ ತಗಲದಂತೆ ಇರಬೇಕು. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ದಾಳಿಗೆ ಮೇರ್ಸ್ಕ್ ಹಡಗು ಕಂಪನಿ ಸಿಲುಕಿದಾಗ ನಮ್ಮ ನ್ಹಾವಾ ಶೇವಾ ಬಂದರಿನ ಒಂದು ಟರ್ಮಿನಲ್‌ಗೂ ಪೆಟ್ಟು ಬಿತ್ತು. ಕಂಪನಿ ಸುಮಾರು 4,000 ಸರ್ವರ್, 45,000 ಕಂಪ್ಯೂಟರುಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಅವರ ಜಾಲದ ಮೂಲ ಮಾಹಿತಿ ಉಳಿದದ್ದು ಘಾನಾದ ಒಂದೇ ಸರ್ವರಿನಲ್ಲಿ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಗೂಗಲ್ ಡ್ರೈವ್‌ನಂಥ ಸಿಂಕ್ ಸೇವೆ ಅನುಕೂಲವೇ, ಆದರೆ ಅದೊಂದೇ ಸಾಲದು. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ.

ಲಿನಕ್ಸಿಗೆ ಬಂದ ಮೇಲೆ ಸುರಕ್ಷತೆಯ ಅಭ್ಯಾಸ ಸ್ವಲ್ಪ ಬೇರೆ. ತಂತ್ರಾಂಶಗಳನ್ನು ಸಿಕ್ಕ ಸಿಕ್ಕ ಜಾಲತಾಣಗಳಿಂದ ಇಳಿಸಿಕೊಳ್ಳಬೇಡಿ, ವ್ಯವಸ್ಥೆಯದೇ ಸಾಫ್ಟ್‌ವೇರ್ ಮಳಿಗೆಯಿಂದ ತೆಗೆದುಕೊಳ್ಳಿ. ಅಪ್‌ಡೇಟ್ ಬಂದಾಗ ಮುಂದೂಡಬೇಡಿ. ಫೈರ್‌ವಾಲ್ ಇರುತ್ತದೆ, ಆದರೆ ಮಿಂಟ್, ಉಬುಂಟುಗಳಲ್ಲಿ ಆನ್ ಆಗಿರುವುದಿಲ್ಲ; ನೀವೇ ಆನ್ ಮಾಡಿ. ಎಲ್ಲಿಂದಲೋ ನಕಲಿಸಿದ ‘ಸುಡೊ’ ಆದೇಶಕ್ಕೆ ಅರ್ಥ ತಿಳಿಯದೆ ಪಾಸ್‌ವರ್ಡ್ ಕೊಡಬೇಡಿ. ಅದು ಮನೆಯ ಬೀಗದಕೈ ಕೊಟ್ಟಂತೆ.

ಮಿಂಟ್‌ನ ಟೈಮ್‌ಶಿಫ್ಟ್ ನೋಡಿ ಬ್ಯಾಕಪ್ ಆಯಿತೆಂದು ಹೊಸಬರು ತಿಳಿಯುವುದುಂಟು. ಅದು ಉಳಿಸುವುದು ವ್ಯವಸ್ಥೆಯನ್ನು; ನಿಮ್ಮ ಫೋಟೋ, ಲೇಖನಗಳನ್ನು ತಾನಾಗಿ ಮುಟ್ಟುವುದಿಲ್ಲ. ಅವಕ್ಕೆ ದೇಜಾ ಡೂಪ್‌ನಂಥ ಸಾಧನ ಬೇಕು, ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ.

ಯಾವ ವ್ಯವಸ್ಥೆಗೆ ಹೋದರೂ ಒಟಿಪಿ ಕೇಳುವ ಕಳ್ಳ ನಿಮ್ಮ ಫೋನಿನಲ್ಲೇ ಇರುತ್ತಾನೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಡೊಂಬಿವಲಿಯ ಹಿರಿಯರು ಎರಡು ವಾರಾಂತ್ಯಗಳನ್ನು ಪರಿವರ್ತನೆಗೇ ಕೊಟ್ಟು, ಆಮೇಲೆ ಮಿಂಟ್ ಹಾಕಿಸಿಕೊಂಡರು. ಈಗ ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಯಾವುದಾದರೊಂದು ಹಳೆಯ ಲೇಖನವನ್ನು ಮರಳಿ ಪಡೆದು ಓದುತ್ತಾರೆ. ಪರೀಕ್ಷೆಯೂ ಆಯಿತು, ಓದೂ ಆಯಿತು. ತೆರೆದು ನೋಡದ ಬ್ಯಾಕಪ್ಪು ಬರೀ ಭರವಸೆ. ನಿಮ್ಮದನ್ನೂ ಈ ಭಾನುವಾರ ತೆರೆದು ನೋಡಿ, ಬೇರೆಯವರ ಕಂಪ್ಯೂಟರಿನಲ್ಲಿ.